ಕಟ್ಟಿಹಾಕಿದ ಗಾಳಿಯಂತ್ರ

ಹಿತ್ತಿಲಲ್ಲಿ ಆಗಷ್ಟೇ ಎತ್ತಿ ನಿಲ್ಲಿಸಿದ ಕಂಬದ ತುದಿಯಲ್ಲಿ ಗಾಳಿಯಂತ್ರದ ರೆಕ್ಕೆಗಳು ಅಲ್ಲಾಡಲಿಲ್ಲ. ಬೇಲಿಯ ಮೇಲಿನ ಬಟ್ಟೆಗಳು ಮಾತ್ರ ಪಟಪಟ ಬಡಿದುಕೊಳ್ಳುತ್ತಿದ್ದವು. ಎತ್ತುವಾಗ ತಿರುಗಿ ಯಾರಿಗೂ ಪೆಟ್ಟಾಗದಿರಲೆಂದು ಹೆಂಡತಿಯಿಂದ ರೆಕ್ಕೆಗಳನ್ನು ಕಟ್ಟಿಸಿದ್ದ ಗಂಡ, ಬಿಚ್ಚಿಸುವುದನ್ನೇ ಮರೆತಿದ್ದ. ಸಹಾಯಕ್ಕೆ ಬಂದಿದ್ದ ಭಾವಮೈದ ನಕ್ಕ: "ಏನ್ ಭಾವ, ಗಾಳಿಗೇ ಬೀಗ ಹಾಕಿದ್ರಲ್ಲ!"

"ಮತ್ತೆ ಇಳಿಸ್ಬೇಕಾ?" ಕಂಬಕ್ಕೆ ಆಧಾರವಾಗಿ ಸುತ್ತಲೂ ಬಿಗಿದ ತಂತಿಗಳನ್ನು ನೋಡುತ್ತ ಗಂಡ ಕೇಳಿದ. ಕಂಬ ಹತ್ತುವುದಂತೂ ಪ್ರಾಣಕ್ಕೆ ಸಂಚಕಾರ.

ಹೆಂಡತಿ ರೆಕ್ಕೆಗಳಿಂದ ಇಳಿದು ಕಂಬದ ಪಕ್ಕ ಜೋತಾಡುತ್ತಿದ್ದ ಹಗ್ಗದ ತುದಿ ಹಿಡಿದಳು. "ನಿಮ್ಮ ಮರೆವಿನ ಜೊತೆ ಸಂಸಾರ ಮಾಡ್ತಿರೋಳು ನಾನು. ಕರು ಕಟ್ಟೋ ಗಂಟೇ ಹಾಕಿದೀನಿ, ಎಳೆದ್ರೆ ಬಿಚ್ಕೊಳ್ಳುತ್ತೆ. ಸರೀರಿ ಆಚೆ."

ಒಂದೇ ಎಳೆತಕ್ಕೆ ಹಗ್ಗ ಸರ್ರನೆ ಜಾರಿ ಗಂಡನ ಹೆಗಲ ಮೇಲೆಯೇ ಬಿತ್ತು. ಅದನ್ನು ತೆಗೆಯಲೂ ಮರೆತು ಅವನು, ತಿರುಗತೊಡಗಿದ ರೆಕ್ಕೆಗಳನ್ನೇ ನೋಡುತ್ತ ನಿಂತ.