ಹಿಂದಿನ ಬೆಂಚಿಗೆ ಕೇಳಿಸಲಿಲ್ಲ

"ನೋಡುವವರಿಲ್ಲದೆ ಮನುಷ್ಯ ಏನನ್ನೂ ಮಾಡಲಾರ," ಎಂದು ಮೇಷ್ಟ್ರು ಸೀಮೆಸುಣ್ಣ ಎತ್ತಿ ಹಿಡಿದು ಹೇಳುತ್ತಿರುವಾಗಲೇ ಅವರ ಹೆಂಡತಿ ತರಗತಿಯೊಳಕ್ಕೆ ನುಗ್ಗಿದಳು. ಹೆಗಲಿಗೆ ಬಟ್ಟೆ ತುಂಬಿದ ಬ್ಯಾಗು, ಎಡಗೈಗೆ ಬ್ಯಾಂಡೇಜು. ಯಾರನ್ನೂ ನೋಡದೆ ನೆಟ್ಟಗೆ ಮೇಜಿನ ಹತ್ತಿರ ಹೋಗಿ ಮನೆಯ ಕೀಲಿಕೈಯನ್ನು ಟಣ್ಣನೆ ಕುಕ್ಕಿದಳು.

"ತಗೊಳ್ಳಿ. ಬೀಗ ಹಾಕಿದೀನಿ. ನಾನು ಅಕ್ಕನ ಮನೆಗೆ ಹೊರಟೆ. ವಾಪಸ್ ಬರ್ತೀನಿ ಅಂತ ಕಾಯ್ಬೇಡಿ."

ತರಗತಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ತಪ್ಪು ವಿದ್ಯಾರ್ಥಿಗಳದ್ದಲ್ಲ. ಮೇಷ್ಟ್ರು ಕಲಿಸುತ್ತಿದ್ದುದು ಪ್ರದರ್ಶನ ಅಧ್ಯಯನ. ನಾಟಕ ರಂಗದ ಮೇಲಷ್ಟೇ ನಡೆಯುವುದಿಲ್ಲ, ಬಸ್ಸಿನಲ್ಲಿ, ಕೋರ್ಟಿನಲ್ಲಿ, ಊಟಕ್ಕೆ ಕೂತಾಗಲೂ ನಡೆಯುತ್ತದೆ ಎಂಬುದು ಅವರ ಸಿದ್ಧಾಂತ. ಅದನ್ನು ಮನದಟ್ಟು ಮಾಡಲು ಹೇಳದೆ ಕೇಳದೆ ತರಗತಿಯಲ್ಲಿ ಒಂದೊಂದು ಆಟ ಹೂಡುವುದು ಅವರ ಪದ್ಧತಿ. ಹೋದ ವಾರ ಕಾಲೇಜಿನ ಕಾವಲುಗಾರನಿಗೆ ಹೇಳಿಕೊಟ್ಟು, ತಮ್ಮ ಕೊರಳಪಟ್ಟಿ ಹಿಡಿಸಿ, ತಮ್ಮನ್ನೇ ಹೊರಗೆ ದಬ್ಬಿಸಿಕೊಂಡಿದ್ದರು. ಹುಡುಗರು ಗಾಬರಿಯಾಗಿ ಪ್ರಾಂಶುಪಾಲರ ಕೋಣೆಗೆ ಓಡಿದ ಮೇಲೆ ನಗುನಗುತ್ತ ಒಳಗೆ ಬಂದು, "ಏನು ಗಮನಿಸಿದಿರಿ?" ಎಂದು ಕೇಳಿದ್ದರು. ಹಾಗೆ ಒಂದು ಸಲ ಮಂಗನಾದವರು ಮತ್ತೊಂದು ಸಲ ಆಗುತ್ತಾರೆಯೇ?

ಮನೆಯಲ್ಲೂ ಮೇಷ್ಟ್ರದ್ದು ಅದೇ ಚಾಳಿ. ಬೆಳಿಗ್ಗೆ ಹೆಂಡತಿಯ ಕೈ ಕಾದ ಬಾಣಲೆಗೆ ತಗುಲಿ "ಅಯ್ಯೋ!" ಎಂದು ಚೀರಿದಾಗ ಮೇಷ್ಟ್ರು ಪೇಪರಿನಿಂದ ತಲೆ ಎತ್ತಿ, ಬಹಳ ಕುತೂಹಲದಿಂದ, "ನಾನು ಮನೇಲಿ ಇಲ್ದೇ ಇದ್ದಿದ್ರೂ ನೀನು ಇಷ್ಟೇ ಜೋರಾಗಿ ಕಿರುಚ್ತಿದ್ಯಾ?" ಎಂದು ಕೇಳಿದ್ದರು. ಪಾಪ, ಅವರಿಗೆ ಅದು ಒಳ್ಳೆಯ ಪ್ರಶ್ನೆ ಎಂದೇ ಅನ್ನಿಸಿತ್ತು.

"ಅಮ್ಮಾ, ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ," ಎಂದು ಒಬ್ಬ ಕೂಗಿದ. "ಇನ್ನೊಂದ್ಸಲ ಬಾಗಿಲಿಂದ ಬನ್ನಿ!"

ಇದು ಪಾಠವಲ್ಲ, ನನ್ನ ಸಂಸಾರ ಎನ್ನಲು ಮೇಷ್ಟ್ರು ಬಾಯಿ ತೆರೆದರು. ಹಾಗೆಂದರೆ ಇಷ್ಟು ಜನರ ಮುಂದೆ ಮರ್ಯಾದೆ ಮೂರಾಬಟ್ಟೆಯಾಗುತ್ತದಲ್ಲ! ತೆರೆದ ಬಾಯಿಂದ ಬೇರೆಯೇ ಮಾತು ಬಂತು. "ಹ್ಞಾ, ಎಲ್ಲರೂ ಸರಿಯಾಗಿ ಗಮನಿಸಿ."

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓಹೋ, ಹಾಗೋ!" ಎಂದು ಕೀಲಿಕೈ ಎತ್ತಿಕೊಂಡು ಹೊರಗೆ ಹೋದಳು. ಬಾಗಿಲನ್ನು ದಡಾರನೆ ತಳ್ಳಿಕೊಂಡು ಮತ್ತೆ ಬಂದಾಗ ಕಿಟಕಿಯ ಗಾಜು ಅದುರಿತು.

"ಕೈ ಸುಟ್ಕೊಂಡವಳಿಗೆ ಒಂದು ಚೊಂಬು ತಣ್ಣೀರು ತರೋದು ಬಿಟ್ಟು ಕೂತಲ್ಲಿಂದ್ಲೇ ಪ್ರಶ್ನೆ ಕೇಳ್ತೀರಲ್ಲ, ನಾನೇನು ನಿಮ್ಮ ಹೆಂಡ್ತಿನೋ, ನಿಮ್ಮ ಪಾಠದ ಉದಾಹರಣೆನೋ? ಇಷ್ಟು ವರ್ಷ ಬಾಳಿದ್ದೇ ಹೆಚ್ಚಾಯ್ತು. ಹಿಡೀರಿ!"

ಕೀಲಿಕೈ ಮತ್ತೆ ಮೇಜಿನ ಮೇಲೆ ಬಿತ್ತು. ಹಿಂದಿನ ಬೆಂಚು ಸಿಳ್ಳೆ ಹಾಕಿತು. ಮೇಷ್ಟ್ರು ಕಂಬದ ಹಾಗೆ ನಿಂತರು. ಹುಡುಗರು ಮಾತ್ರ ಮೇಷ್ಟ್ರೇ ಕಲಿಸಿದ ಪ್ರಕಾರ ಚರ್ಚೆಗೆ ಇಳಿದರು.

"ಬ್ಯಾಂಡೇಜು ಸೂಪರ್. ಮುಲಾಮು ಹೊರಗೆ ಒಸರೋ ಹಾಗೆ ಮಾಡಿದಾರೆ ನೋಡ್ರೋ."

"ಎರಡನೇ ಸಲ ಸಿಟ್ಟು ಇನ್ನೂ ಚೆನ್ನಾಗಿ ಬಂತು."

ಮುಂದಿನ ಸಾಲಿನಲ್ಲಿ ಕನ್ನಡಕದ ಹುಡುಗಿಯೊಬ್ಬಳಿದ್ದಳು. ಯಾವ ನಾಟಕ ನೋಡಿದರೂ ಅವಳಿಗೆ ಒಂದು ಕೊರತೆ ಕಾಣಿಸಲೇಬೇಕು. ಅವಳು ಎದ್ದು ನಿಂತಳು. "ಅಮ್ಮನವರದ್ದು ಅದ್ಭುತ ಸರ್. ಆದ್ರೆ ಗಂಡನ ಪಾತ್ರ ನಂಬೋ ಹಾಗೇ ಇಲ್ಲ. ಕಟ್ಕೊಂಡವಳು ಮನೆ ಬಿಟ್ಟು ಹೋಗ್ತಿದ್ರೆ ಯಾವ ಗಂಡ ಹೀಗೆ ಸೀಮೆಸುಣ್ಣ ಹಿಡ್ಕೊಂಡು ನಿಂತಿರ್ತಾನೆ?"

"ಕೇಳಿಸ್ಕೊಂಡ್ರಾ?" ಎಂದಳು ಹೆಂಡತಿ. ಈ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. ಮೇಷ್ಟ್ರಿಗೆ ನಿಜವಾಗಿ ಭಯವಾದದ್ದು ಆಗಲೇ. ಅವಳು ಬ್ಯಾಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದಳು.

ಸೀಮೆಸುಣ್ಣ ನೆಲಕ್ಕೆ ಬಿದ್ದು ಎರಡು ತುಂಡಾಯಿತು. ಮೇಷ್ಟ್ರು ದಡಬಡನೆ ಓಡಿ ಹೆಂಡತಿಯ ಕೈ ಹಿಡಿದರು. ಆ ಗಡಿಬಿಡಿಯಲ್ಲಿ ಹಿಡಿದದ್ದು ಬ್ಯಾಂಡೇಜಿನ ಕೈಯನ್ನೇ.

"ಅಯ್ಯೋ!"

"ನೋವಾಯ್ತಾ?" ಎಂದರು ಮೇಷ್ಟ್ರು. ನೋಡುವವರು ಇದ್ದಾರೆಂಬುದೇ ಅವರಿಗೆ ಮರೆತುಹೋಗಿತ್ತು. "ಹೋಗ್ಬೇಡ ಕಣೇ. ನೀನಿಲ್ದಿರೋ ಮನೆ ಕೀಲಿಕೈ ಇಟ್ಕೊಂಡು ನಾನೇನು ಮಾಡ್ಲಿ?" ಎನ್ನುತ್ತ ಕನ್ನಡಕ ತೆಗೆದು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

ಈ ಸಲ ಚಪ್ಪಾಳೆ ಬೀಳಲಿಲ್ಲ. ಕನ್ನಡಕದ ಹುಡುಗಿ ಮೂಗು ಮುರಿದಳು.

"ಕಣ್ಣೀರು ಸ್ವಲ್ಪ ಅತಿ ಆಯ್ತು ಸರ್. ಕೀಲಿಕೈ ಮಾತೂ ಬೇಡ. 'ನೋವಾಯ್ತಾ' ಅಂದಿದ್ದು ಮಾತ್ರ ಸರಿಯಾಗಿತ್ತು. ಆದ್ರೆ ಅದು ಮೊದಲನೇ ದೃಶ್ಯದಲ್ಲೇ ಬರ್ಬೇಕಿತ್ತು."

ಹೆಂಡತಿಗೆ ಅಳು ಬರುವುದರಲ್ಲಿತ್ತು, ನಗು ಬಂತು. ಅವಳು ಮೇಜಿನ ಮೇಲಿದ್ದ ಕೀಲಿಕೈ ಎತ್ತಿಕೊಂಡು, ಬ್ಯಾಗನ್ನು ಹೆಗಲಿನಿಂದ ಇಳಿಸಿ ಗಂಡನ ಕಾಲ ಬಳಿ ಇಟ್ಟಳು.

"ಆ ಹುಡುಗಿಗೆ ನೂರಕ್ಕೆ ನೂರು ಕೊಡಿ. ಬ್ಯಾಗು ನೀವೇ ಹೊತ್ಕೊಂಡು ಬನ್ನಿ. ನನ್ನ ಕೈ ಸುಟ್ಟಿದೆ."