ಬೆಳಿಗ್ಗೆ ಹತ್ತಕ್ಕೆ

“ನನ್ನ ಇಲಿಗಳಿಗೆಲ್ಲ ಬಿಪಿ ಇಳೀತು ಡಾಕ್ಟ್ರೇ. ನಿಮ್ಮ ರೋಗಿಗಳಿಗೆ ಮಾತ್ರ ಏನು ಬಂತು?” ಔಷಧ ಕಂಡುಹಿಡಿದ ವಿಜ್ಞಾನಿ ಮೇಜು ಕುಟ್ಟಿ ಕೇಳಿದರು.

“ಬಿಪಿ ಇಳೀದೆ ಒಬ್ಬರಿಗೆ ಲಕ್ವಾ ಹೊಡೀತು. ಆಕೆಯ ಮಗಳ ಎದುರು ನಿಂತು ಉತ್ತರ ಕೊಟ್ಟೋನು ನಾನು, ನೀವಲ್ಲ.”

“ನೀವು ಹೊತ್ತು ತಪ್ಪಿಸಿರ್ತೀರ. ಬೆಳಿಗ್ಗೆ ಹತ್ತಕ್ಕೇ ಕೊಡಿ ಅಂತ ಬಾಯಿ ಬಡ್ಕೊಂಡೆ.”

“ಹತ್ತಕ್ಕೇ ಕೊಟ್ಟಿದೀವಿ, ಎದುರಿಗೆ ನಿಂತು ನುಂಗಿಸಿದೀವಿ. ನೀವು ಇಲಿಗಳಿಗೆ ಯಾವಾಗ ಕೊಟ್ರೋ ಯಾರು ಕಂಡ್ರು?”

“ನಾನೂ ಹತ್ತಕ್ಕೇ. ನಂಬಿಕೆ ಇಲ್ದಿದ್ರೆ ಈಗಲೇ ಬಂದು ನೋಡಿ.”

ಜೊತೆಯಾಗಿ ಕೆಲಸ ಶುರುಮಾಡಿ ವರ್ಷಗಳೇ ಕಳೆದಿದ್ದರೂ ಡಾಕ್ಟರು ಇಲಿಗಳ ಕೋಣೆಗೆ ಕಾಲಿಟ್ಟಿರಲಿಲ್ಲ. ವಿಜ್ಞಾನಿ ವಾರ್ಡಿನ ಕಡೆ ತಲೆಹಾಕಿರಲಿಲ್ಲ. ಇವತ್ತು ಡಾಕ್ಟರು ಹಠಕ್ಕೆ ಬಿದ್ದವರಂತೆ ವಿಜ್ಞಾನಿಯ ಹಿಂದೆಯೇ ನಡೆದರು.

ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ. ಪಂಜರಗಳಲ್ಲಿ ಒಂದು ಇಲಿಯೂ ಅಲುಗಾಡುತ್ತಿರಲಿಲ್ಲ.

“ಏನ್ ಮೇಡಂ, ನಿಮ್ಮ ಔಷಧಕ್ಕೆ ಎಲ್ಲಾ ಸತ್ತೇಹೋದ್ವಾ?” ಡಾಕ್ಟರು ಕುಟುಕಿದರು.

“ಸಾಯೋದ್ಯಾಕೆ? ಅವು ಇಲಿ ಕಣ್ರೀ. ರಾತ್ರಿಯೆಲ್ಲ ಓಡಾಡಿರ್ತವೆ, ಈಗ ಮಲಗೋ ಹೊತ್ತು ಅವಕ್ಕೆ,” ಎನ್ನುತ್ತಾ ವಿಜ್ಞಾನಿ ಔಷಧದ ಸಿರಿಂಜನ್ನು ಕೈಗೆತ್ತಿಕೊಂಡರು.

“ಹಾಗಾದ್ರೆ ಇವಕ್ಕೆ ಮಲಗೋವಾಗ ಔಷಧ, ನನ್ನ ರೋಗಿಗಳಿಗೆ ಎದ್ದು ಓಡಾಡೋವಾಗ!” ಎಂದರು ಡಾಕ್ಟರು.