ಕೋಟೆಯ ಬಾಗಿಲು ತೆರೆದವನು

ಕೊರಳಿಗೆ ಕೇಸರಿ ಶಾಲು ಸುತ್ತಿದ್ದ ನಾಲ್ವರು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಪ್ರೊಫೆಸರ್ ಚಾಂದೋರ್ಕರ್ ಧಡಕ್ಕನೆ ಎದ್ದು ಕೈಮುಗಿದರು. ನಾಡಿನ ವೀರರಿಗೆ ಅವಮಾನ ಮಾಡಿದನೆಂದು ಒಬ್ಬ ಇತಿಹಾಸಕಾರನ ಮುಖಕ್ಕೆ ಮಸಿ ಬಳಿದ ಸುದ್ದಿ ಹೋದ ವಾರವಷ್ಟೇ ಪೇಪರಿನಲ್ಲಿ ಬಂದಿತ್ತು.

"ಬನ್ನಿ, ಬನ್ನಿ. ಸರದಾರ ಕುಸಾಜಿಯವರ ವಿಷಯ ತಾನೇ? ಅವರು ಶತ್ರುಗಳಿಗೆ ಕೋಟೆ ಬಾಗಿಲು ತೆಗೆದುಕೊಟ್ರು ಅಂತ ನಾನು ಬರೆದದ್ದು ತಪ್ಪು. ದೇವರಂಥ ಮನುಷ್ಯ! ಬೇಕಾದ್ರೆ ಈ ಶರಯೂನ ಕೇಳಿ, ನನ್ನ ವಿದ್ಯಾರ್ಥಿನಿ. ನಾನೇ ಮುಂದೆ ನಿಂತು ಇವಳ ಕೈಲಿ ಹಾಗೆ ಬರೆಸಿದೀನಿ."

ಶರಯೂ ಬೆಪ್ಪಾಗಿ ನೋಡಿದಳು. ಕುಸಾಜಿ ದ್ರೋಹಿ ಎಂಬ ಒಂದೇ ಮಾತಿನ ಮೇಲೆ ಈ ಮನುಷ್ಯ ಡಾಕ್ಟರೇಟು, ವಿಭಾಗದ ಮುಖ್ಯಸ್ಥರ ಕುರ್ಚಿ, ಸಾತಾರೆಯ ಈ ಬಂಗಲೆ ಎಲ್ಲವನ್ನೂ ಕಟ್ಟಿಕೊಂಡಿದ್ದರು. ಅದು ಸುಳ್ಳೆಂದು ಆಧಾರ ಸಮೇತ ಬರೆದ ಅವಳ ಪಿಎಚ್.ಡಿ. ಪ್ರಬಂಧವನ್ನು ಈಗಷ್ಟೇ ಮತ್ತೊಮ್ಮೆ ಮೇಜಿನಾಚೆ ತಳ್ಳಿದ್ದರು.

ಬಂದವರಲ್ಲಿ ಹಿರಿಯವನು ತಲೆ ಕೆರೆದುಕೊಂಡ. "ಯಾವ ಕುಸಾಜಿ ಸರ್? ಗಣಪತಿ ಮಂಟಪ ಹಾಕ್ಬೇಕು, ನಿಮ್ಮ ಕಾರು ಅಡ್ಡ ನಿಂತಿದೆ. ಸ್ವಲ್ಪ ತೆಗೀತೀರಾ ಅಂತ ಕೇಳೋಕೆ ಬಂದ್ವಿ."

ಪ್ರೊಫೆಸರರು ಕಾರಿನ ಕೀಲಿ ಕೊಟ್ಟು ಅವರನ್ನು ಸಾಗಹಾಕಿದರು. ಬೆವರೊರೆಸಿಕೊಳ್ಳುತ್ತಲೇ ಹಳೆಯ ಗತ್ತು ಮರಳಿತು. "ಎಲ್ಲಿದ್ವಿ? ಹಾಂ, ಕುಸಾಜಿ ದ್ರೋಹಿ. ಆ ಅಧ್ಯಾಯ ತಿದ್ಕೊಂಡು ಬಾ."

ಇಷ್ಟು ವರ್ಷ ಅವರೆದುರು ನಿಂತೇ ಮಾತಾಡುತ್ತಿದ್ದ ಶರಯೂ ಕುರ್ಚಿ ಎಳೆದುಕೊಂಡು ಕೂತಳು. ಹೆದರಿಕೆ ಇದ್ದ ಜಾಗದಲ್ಲಿ ಈಗ ಬರೀ ಹೇಸಿಗೆಯಿತ್ತು.

"ಪ್ರಬಂಧಕ್ಕೆ ಸಹಿ ಹಾಕಿ ಸರ್," ಅಂದಳು. "ಇಲ್ಲಾಂದ್ರೆ ಅವರನ್ನ ವಾಪಸ್ ಕರೀತೀನಿ. ಕುಸಾಜಿ ಯಾರು, ನೀವು ಏನು ಬರೆದಿದೀರಿ ಅಂತ ನಾನೇ ಓದಿ ಹೇಳ್ತೀನಿ."

ಚಾಂದೋರ್ಕರ್ ಪೆನ್ನು ಹುಡುಕತೊಡಗಿದ.